ಹೂ ಬಿಟ್ಟ ಬ್ಲಾಕಿನ ಮೇಲೆ ನಕ್ಷತ್ರದ ಗೆರೆ

ಬಣಕಲ್ ಬಸ್ ನಿಲ್ದಾಣದ ಪಕ್ಕದಲ್ಲಿ, ರೇವಣ್ಣನವರ ದಿನಸಿ ಅಂಗಡಿಯ ಎದುರಿಗೆ, ಪ್ರೇಮಕುಮಾರಿಯವರ ಹೊಲಿಗೆ ಅಂಗಡಿ ಇದೆ. ಊರಿಗೆಲ್ಲ ಅವರು ಪ್ರೇಮಕ್ಕ. ನಾನು ಕಾಲೇಜಿಗೆ ಹೊರಟ ಮೊದಲ ದಿನ ಹಾಕಿಕೊಂಡಿದ್ದ ಚೂಡಿದಾರ್ ಹೊಲಿದವರೂ ಅವರೇ. ಅಂಗಡಿಯೊಳಗೆ ಎರಡು ಮಿಷನ್, ಒಂದು ಕನ್ನಡಿ, ಸಾಲಾಗಿ ನೇತುಹಾಕಿದ ಬ್ಲೌಸುಗಳು, ಅವುಗಳ ನಡುವೆ ಒಂದು ಕಪ್ಪು ಚೀಲ. ಚೀಲದಲ್ಲಿ ಕ್ಯಾಮೆರಾ. ಹೊಸಬರು ಬಂದರೆ ಅದರೊಳಗೆ ಏನಿದೆ ಎಂದು ಕೇಳುತ್ತಾರೆ. ಊರಿನವರು ಕೇಳುವುದಿಲ್ಲ. ಕ್ಯಾಮೆರಾ ಹೊರಗೆ ಬಂದಿದೆಯೇ, ಬಂದಿದ್ದರೆ ಯಾವ ಕಡೆ ಮುಖ ಮಾಡಿದೆ ಎಂದಷ್ಟೇ ನೋಡಿಕೊಳ್ಳುತ್ತಾರೆ.

ಪ್ರೇಮಕ್ಕ ಹುಟ್ಟಿದ್ದು ಕಳಸದ ಕಡೆ. ಏಳನೇ ತರಗತಿಗೆ ಶಾಲೆ ಬಿಟ್ಟು, ಮೂಡಿಗೆರೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಹೊಲಿಗೆ ಕಲಿತರು. ಮದುವೆಯಾಗಿ ಬಣಕಲ್‌ಗೆ ಬಂದರು. ಗಂಡ ಉಮೇಶಣ್ಣ ಪಿಕಪ್ ಗಾಡಿ ಇಟ್ಟುಕೊಂಡು ಎಸ್ಟೇಟುಗಳಿಗೆ ಗೊಬ್ಬರ, ಪೈಪು, ಮೂಟೆ ಸಾಗಿಸುತ್ತಾರೆ. ಗಾಡಿ ಕೆಟ್ಟರೆ ತಾವೇ ಬಿಚ್ಚಿ ತಾವೇ ಜೋಡಿಸುತ್ತಾರೆ. ಜೋಡಿಸಿದ ಮೇಲೆ ಒಂದೆರಡು ನಟ್ಟು ಉಳಿದುಕೊಂಡರೆ ಅದನ್ನು ಕಂಪನಿಯವರ ತಪ್ಪು ಎನ್ನುತ್ತಾರೆ.

ಕ್ಯಾಮೆರಾ ಬಂದದ್ದು ಹೊಲಿಗೆಯಿಂದಲೇ. ಮೂಡಿಗೆರೆಯ ಒಂದು ಫೋಟೋ ಸ್ಟುಡಿಯೋಗೆ ಹಿಂದಿನ ಪರದೆಗಳನ್ನು ಪ್ರೇಮಕ್ಕ ಹೊಲಿದು ಕೊಡುತ್ತಿದ್ದರು. ಎಲ್ಲರ ಕೈಯಲ್ಲೂ ಮೊಬೈಲ್ ಬಂದು ಸ್ಟುಡಿಯೋ ಮುಚ್ಚುವ ದಿನ, ಕೊನೆಯ ಸಲ ಅಲ್ಲಿಗೆ ಹೋದ ಪ್ರೇಮಕ್ಕ ಮೇಜಿನ ಮೇಲಿದ್ದ ಹಳೆಯ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡರು. ತೆಗೆದುಕೊಂಡವರು ಕೆಳಗಿಡಲಿಲ್ಲ. ಚೀಟಿ ಹಣದಲ್ಲಿ ಓವರ್‌ಲಾಕ್ ಮಿಷನ್ ಕೊಳ್ಳಬೇಕೆಂದಿದ್ದರು. ಅದರ ಬದಲು ಕ್ಯಾಮೆರಾ ಮನೆಗೆ ಬಂತು. ಉಮೇಶಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಮ್ಮ ಗಾಡಿಯ ಫೋಟೋ ತೆಗೆಸಿಕೊಂಡು ಸಮಾಧಾನವಾದರು.

ಕಲಿತದ್ದು ಮೊಬೈಲಿನ ವಿಡಿಯೋ ನೋಡಿ. ಅವು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತಿದ್ದವು. ಮಾತು ತಿಳಿಯದಿದ್ದರೆ ಪ್ರೇಮಕ್ಕ ವಿಡಿಯೋ ನಿಲ್ಲಿಸಿ, ಹೇಳಿಕೊಡುವವರ ಬೆರಳು ಯಾವ ಗುಂಡಿಯ ಮೇಲಿದೆ ಎಂದು ನೋಡಿ, ತಮ್ಮ ಕ್ಯಾಮೆರಾದಲ್ಲಿ ಅದೇ ಗುಂಡಿ ಒತ್ತುತ್ತಿದ್ದರು. ಹಾಗೆ ಮೊದಲು ಕೈಗೆ ಬಂದದ್ದು ಟೈಮ್‌ಲ್ಯಾಪ್ಸ್. ಕೆಲವು ಸೆಕೆಂಡಿಗೊಂದು ಫೋಟೋ ತಾನಾಗಿಯೇ ಬೀಳುವಂತೆ ಇಟ್ಟು, ಎಲ್ಲವನ್ನೂ ಜೋಡಿಸಿ ಓಡಿಸಿದರೆ ಒಂದಿಡೀ ದಿನ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಮೊದಲ ಟೈಮ್‌ಲ್ಯಾಪ್ಸನ್ನು ಅಂಗಡಿಯ ಬಾಗಿಲಲ್ಲೇ ಇಟ್ಟು ತೆಗೆದರು. ಬೆಳಗಿನ ಮಂಜು ರಸ್ತೆಯಿಂದ ಮೇಲೇಳುವುದನ್ನು ಹಿಡಿಯಬೇಕೆಂಬ ಆಸೆ. ಮಂಜೇನೋ ಚೆನ್ನಾಗಿಯೇ ಎದ್ದಿತ್ತು. ಆದರೆ ಅದರ ಹಿಂದೆ, ಎದುರಂಗಡಿಯ ಗಲ್ಲಾದಲ್ಲಿ, ರೇವಣ್ಣನವರು ತೂಕಡಿಸಿ ಬೀಳುವುದು, ಏಳುವುದು, ಮತ್ತೆ ಬೀಳುವುದು, ಗಿರಾಕಿ ಬಂದರೆ ಸೆಟೆದು ಕೂರುವುದು, ಹೋದ ಕೂಡಲೇ ಬಗ್ಗುವುದು, ಎಲ್ಲವೂ ಕೀಲುಗೊಂಬೆಯ ಹಾಗೆ ಚಕಚಕನೆ ನಡೆದುಹೋಗಿತ್ತು. ಉಮೇಶಣ್ಣ ಅದನ್ನು ಊರಿಗೆಲ್ಲ ಕಳಿಸಿಬಿಟ್ಟರು.

ರೇವಣ್ಣನವರು ರಸ್ತೆ ದಾಟಿ ಬಂದರು.

“ಎಂತದು ಮಾರಾಯ್ತಿ ಇದು? ನಾನು ದಿನಾ ಪೂರ್ತಿ ಮಲಗೇ ಇರ್ತೀನಿ ಅನ್ನೋ ಹಾಗೆ ಮಾಡಿದೀಯಲ್ಲ!”

“ಪೂರ್ತಿ ಎಲ್ಲಿ ರೇವಣ್ಣೋರೇ, ನಡುನಡುವೆ ಎದ್ದಿದೀರಲ್ಲ.”

“ನಿನ್ನ ಕ್ಯಾಮೆರಾ ಆಕಾಶದ ಕಡೆ ತಿರುಗ್ಸು. ಮನುಷ್ಯರ ಕಡೆ ಬೇಡ. ನಮಗೂ ಮರ್ಯಾದೆ ಇದೆ.”

ತಮಾಷೆಗೆ ಹೇಳಿದರೋ ಸಿಟ್ಟಿಗೆ ಹೇಳಿದರೋ, ಪ್ರೇಮಕ್ಕ ನಿಜವಾಗಿಯೂ ಕ್ಯಾಮೆರಾವನ್ನು ಆಕಾಶದ ಕಡೆ ತಿರುಗಿಸಿದರು. ನಕ್ಷತ್ರಗಳು ಧ್ರುವನ ಸುತ್ತ ತಿರುಗುತ್ತವೆಂದು ಅವರು ಶಾಲೆಯಲ್ಲಿ ಓದಿದ್ದರು, ಕಣ್ಣಿಂದ ನೋಡಿರಲಿಲ್ಲ. ಆ ತಿರುಗಾಟ ಗೆರೆಗೆರೆಯಾಗಿ, ಬಳೆಯೊಳಗೆ ಬಳೆ ಇಟ್ಟ ಹಾಗೆ ಫೋಟೋದಲ್ಲಿ ಬರುತ್ತದೆ ಎಂದು ಗೊತ್ತಾದ ಮೇಲೆ ಅವರಿಗೆ ಬೇರೇನೂ ರುಚಿಸಲಿಲ್ಲ. ನನಗೆ ಅದನ್ನು ವಿವರಿಸಿದ್ದು ಹೀಗೆ: “ಒಂದೇ ಉದ್ದದ ಫೋಟೋ ಅಲ್ಲ ಕಣೇ ಅದು. ಅರ್ಧರ್ಧ ನಿಮಿಷದ ಫೋಟೋ, ಒಂದರ ಹಿಂದೆ ಒಂದು, ರಾಶಿ ತೆಗೀಬೇಕು. ಒಂದೊಂದರಲ್ಲೂ ನಕ್ಷತ್ರ ಒಂದು ಸಣ್ಣ ಹೊಲಿಗೆ ಮುಂದೆ ಹೋಗಿರುತ್ತೆ. ಆಮೇಲೆ ಎಲ್ಲ ಒಂದರ ಮೇಲೊಂದು ಇಟ್ಟು, ಎಲ್ಲೆಲ್ಲಿ ಬೆಳಕು ಇದೆಯೋ ಅದನ್ನ ಮಾತ್ರ ಉಳಿಸ್ಕೊಳ್ಳೋದು. ಹೊಲಿಗೆ ಹೊಲಿಗೆ ಸೇರಿ ಗೆರೆ ಆಗುತ್ತೆ.”

ಹೇಳಿದಷ್ಟು ಸುಲಭವಿರಲಿಲ್ಲ. ಮೊದಲ ಸಲ ಇಬ್ಬನಿ ಬಿದ್ದು ಲೆನ್ಸು ಮಸುಕಾಯಿತು. ಪ್ರೇಮಕ್ಕ ಲೆನ್ಸಿಗೆ ಸರಿಯಾದ ಅಳತೆಯ ತೋಳು ಹೊಲಿದು, ಅದರ ಪದರದೊಳಗೆ, ಬೆನ್ನು ನೋವಿಗೆ ಕಾವು ಕೊಡುತ್ತೇವಲ್ಲ ಅಂಥ ಬಿಸಿ ಉಪ್ಪಿನ ಗಂಟುಗಳನ್ನು ಇಟ್ಟರು. ಇಬ್ಬನಿ ಹತ್ತಿರ ಸುಳಿಯಲಿಲ್ಲ. ಎರಡನೆಯ ಸಲ ಥಂಡಿಗೆ ಬ್ಯಾಟರಿ ಬೇಗ ಖಾಲಿಯಾಯಿತು. ಅದಕ್ಕೆ ಉಮೇಶಣ್ಣ ಹಳೆಯ ಬೈಕಿನ ಬ್ಯಾಟರಿಯಿಂದ ಒಂದು ಪೆಟ್ಟಿಗೆ ಮಾಡಿಕೊಡುತ್ತೇನೆಂದು ಮಾತು ಕೊಟ್ಟರು.

ಅದಕ್ಕಿಂತ ದೊಡ್ಡ ತೊಂದರೆ ಧ್ರುವನದೇ. ನಮ್ಮ ಕಡೆ ಅವನು ಆಕಾಶದಲ್ಲಿ ಬಹಳ ಕೆಳಗೆ, ದಿಗಂತದಿಂದ ಸ್ವಲ್ಪವೇ ಮೇಲೆ ಇರುತ್ತಾನೆ. ಎಲ್ಲಿ ನಿಂತರೂ ಉತ್ತರಕ್ಕೊಂದು ಗುಡ್ಡ ಅಡ್ಡ. ಗುಡ್ಡವಿಲ್ಲದಿದ್ದರೆ ಸಿಲ್ವರ್ ಓಕ್ ಮರ. ಪ್ರೇಮಕ್ಕ ಎರಡು ವರ್ಷ, ಉಮೇಶಣ್ಣನ ಗಾಡಿ ಎಲ್ಲಿ ಬಾಡಿಗೆಗೆ ಹೋಗುತ್ತದೋ ಅಲ್ಲಿಗೆಲ್ಲ ಮುಂದಿನ ಸೀಟಿನಲ್ಲಿ ಕೂತು ಹೋಗಿ, ಮೊಬೈಲ್ ಎತ್ತಿ ಹಿಡಿದು ಉತ್ತರ ಹುಡುಕಿದರು. ಗೋಣಿಬೀಡಿನಲ್ಲಿ ಗುಡ್ಡ ಅಡ್ಡ ಬಂತು. ವಸ್ತಾರೆಯಲ್ಲಿ ಗಿರಿಶ್ರೇಣಿಯೇ ಅಡ್ಡ ಬಂತು. ಕೊನೆಗೆ ಸಿಕ್ಕಿದ್ದು ಮನೆ ಹತ್ತಿರವೇ, ಸುಬ್ಬಣ್ಣಗೌಡರ ಎಸ್ಟೇಟಿನಲ್ಲಿ.

ಅಲ್ಲೊಂದು ಹಳೆಯ ಪಲ್ಪರ್ ಮನೆಯ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಮನೆಯ, ಕಟ್ಟೆ ಇದೆ. ಕಟ್ಟೆಯ ಕೆಳಗೆ ಎಸ್ಟೇಟ್ ರಸ್ತೆ. ರಸ್ತೆಯಾಚೆ ಬಟ್ಟಲಿನ ಹಾಗೆ ತಗ್ಗಿ, ಮತ್ತೆ ಎದುರಿಗೆ ಏರುವ ಗುಡ್ಡದ ತುಂಬ ರೊಬಸ್ಟಾ ಕಾಫಿ; ಎಸ್ಟೇಟಿನವರು ಆ ಭಾಗವನ್ನು ಗುಡ್ಡದ ಬ್ಲಾಕು ಎನ್ನುತ್ತಾರೆ. ಅದರ ನೆತ್ತಿಯಲ್ಲಿ ಗುಡ್ಡ ಸ್ವಲ್ಪ ಬಗ್ಗಿದೆ. ಸರಿಯಾಗಿ ಆ ಬಗ್ಗಿದ ಕಡೆ ಧ್ರುವ. ಹಿಂದಿನ ವರ್ಷ ಮರಗಸಿ ಮಾಡಿಸಿದ್ದರಿಂದ ನೆರಳಿನ ಮರಗಳ ಕೊಂಬೆಗಳೂ ತೆಳುವಾಗಿದ್ದವು. ಪ್ರೇಮಕ್ಕನ ಮನಸ್ಸಿನಲ್ಲಿ ಚಿತ್ರ ಕೂತುಬಿಟ್ಟಿತು: ಕೆಳಗೆ ಬೆಳ್ಳಗೆ ಹೂ ಬಿಟ್ಟ ಕಾಫಿ ಗುಡ್ಡ, ಮೇಲೆ ಧ್ರುವನ ಸುತ್ತ ನಕ್ಷತ್ರದ ಬಳೆಗಳು.

ಇದಕ್ಕೆ ಅವಸರ ತಂದದ್ದು ದೀಪ. ನಮ್ಮ ಕಡೆ ಕೆಲವು ವರ್ಷಗಳಿಂದ ಆನೆಗಳ ಓಡಾಟ ಹೆಚ್ಚು. ಆನೆ ಎಲ್ಲಿದೆ ಎಂದು ತಿಳಿಸಲು ವಾಟ್ಸಾಪ್ ಗುಂಪು ಇದೆ. ಹೆದ್ದಾರಿಯ ತಿರುವುಗಳಲ್ಲಿ ಕೆಂಪು ದೀಪದ ಕಂಬಗಳಿವೆ. ಆನೆ ಹತ್ತಿರವಿದ್ದಾಗ ಅವು ಮಿಣುಕುತ್ತವೆ. ಕೆಂಪು ದೀಪ ಮಿಣುಕಿದರೆ ಬೈಕಿನವನು ನಿಲ್ಲುತ್ತಾನೆ, ಬಸ್ಸೂ ನಿಲ್ಲುತ್ತದೆ. ಇಷ್ಟು ಸಾಲದೆಂದು ಊರಿನವರೆಲ್ಲ ಸೇರಿ ಬಸ್ ನಿಲ್ದಾಣದ ವೃತ್ತಕ್ಕೆ ಒಂದು ಎತ್ತರದ ಹೈಮಾಸ್ಟ್ ದೀಪ ಬೇಕೆಂದು ಅರ್ಜಿ ಕೊಟ್ಟರು. ಮೊದಲ ಸಹಿ ಪ್ರೇಮಕ್ಕನದೇ. ಅಂಗಡಿ ಮುಚ್ಚಿ ಕತ್ತಲಲ್ಲಿ ಮನೆಗೆ ನಡೆಯುವ ಹೆಂಗಸು ಅವರು. ದೀಪ ಅವರಿಗೂ ಬೇಕಿತ್ತು. ಕಂಬ ಬಂತು, ನಿಂತಿತು, ಯುಗಾದಿಯ ಸಂಜೆ ದೀಪ ಹಚ್ಚುವುದೆಂದು ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಆಗ ಪ್ರೇಮಕ್ಕನಿಗೆ ಹೊಳೆಯಿತು. ಪಲ್ಪರ್ ಕಟ್ಟೆಯಿಂದ ನೋಡಿದರೆ ವೃತ್ತ ಇರುವುದು ಉತ್ತರಕ್ಕೆ, ಗುಡ್ಡ ಬಗ್ಗಿದ ಜಾಗದ ಹಿಂದೆಯೇ. ಯುಗಾದಿಯ ನಂತರ ಧ್ರುವನ ಕೆಳಗೆ ಬೆಳ್ಳನೆಯ ಬೆಳಕು ಹರಡುತ್ತದೆ. ಆ ಕತ್ತಲು ಮತ್ತೆ ಸಿಗುವುದಿಲ್ಲ.

ಹಾಗಾದರೆ ಯುಗಾದಿಗೆ ಮೊದಲೇ ಹೂವು ಬಿಡಬೇಕು. ಮಾರ್ಚ್ ಬಂದರೂ ಕಾಫಿ ಅರಳಿಸುವ ಹೂ ಮಳೆಯ ಸುಳಿವಿರಲಿಲ್ಲ. ಮಳೆ ಬರದಿದ್ದರೆ ಕೆರೆ ಇರುವ ಎಸ್ಟೇಟಿನವರು ಸ್ಪ್ರಿಂಕ್ಲರ್ ಹಚ್ಚುತ್ತಾರೆ. ಅದಕ್ಕೆ ಇಲ್ಲಿ ಜೆಟ್ ಹಾಕುವುದು ಎನ್ನುತ್ತಾರೆ. ನೀರು ಬಿದ್ದ ಮೇಲೆ ಒಂದು ವಾರ ಕಳೆದು ರೊಬಸ್ಟಾ ಹೂ ಬಿರಿಯುತ್ತದೆ. ಅಂದರೆ ಹೂವಿನ ದಿನ ಸುಬ್ಬಣ್ಣಗೌಡರ ಕೈಯಲ್ಲಿತ್ತು.

ಪ್ರೇಮಕ್ಕ ಅವರ ಬಂಗಲೆಗೆ ಹೋದರು. ಗೌಡರು ಜಗಲಿಯಲ್ಲಿ ಕೂತು ಪೈಪಿನ ವಾಷರ್ ಆರಿಸುತ್ತಿದ್ದರು.

“ಗೌಡ್ರೇ, ಗುಡ್ಡದ ಬ್ಲಾಕಿಗೆ ಜೆಟ್ ಯಾವಾಗ?”

“ಮೊದಲು ಕೆಳಗಿನದು. ಆಮೇಲೆ ಗುಡ್ಡದ್ದು. ಎಂತಕ್ಕೆ?”

“ಗುಡ್ಡದ್ದನ್ನೇ ಮೊದಲು ಮಾಡಿದ್ರೆ ಅಮಾವಾಸ್ಯೆ ಹೊತ್ತಿಗೆ ಹೂವು ಬಿಡುತ್ತೆ. ಚಂದ್ರ ಇರಲ್ಲ, ದೀಪಾನೂ ಹಚ್ಚಿರಲ್ಲ. ನನಗೊಂದು ಫೋಟೋ ಬೇಕಿತ್ತು.”

ಗೌಡರು ವಾಷರ್ ಕೆಳಗಿಟ್ಟರು. “ಅಂದ್ರೆ ನಿನ್ನ ಫೋಟೋಗೆ ನಾನು ಪಂಪಿನ ಎಂಜಿನ್ ಹೊತ್ತು ಗುಡ್ಡ ಹತ್ತಬೇಕು?”

ಒಳಗಿನಿಂದ ಅವರ ಹೆಂಡತಿ ರಂಗಮ್ಮನವರ ದನಿ ಬಂತು. “ಹೊರೋದು ನೀವಲ್ಲವಲ್ಲ. ಕೂತಲ್ಲಿಂದ ಹೇಳೋದು ತಾನೇ? ಅದನ್ನ ಗುಡ್ಡದ ಕಡೆ ತಿರುಗಿ ಹೇಳಿ.”

ಗೌಡರಿಗೆ ನಗು ಬಂತು. ಹೇಗಿದ್ದರೂ ಎರಡೂ ಬ್ಲಾಕಿಗೆ ನೀರು ಕೊಡಲೇಬೇಕಿತ್ತು. ಗುಡ್ಡದ ಬ್ಲಾಕಿಗೆ ಮೊದಲು ಜೆಟ್ ಹಾಕಿಸಿದರು. ಆದರೆ ಒಂದು ಷರತ್ತು ಹಾಕಿದರು. ಹೂ ಬಿರಿದಿರುವಾಗ ಬ್ಲಾಕಿನೊಳಗೆ ಯಾರನ್ನೂ ಬಿಡುವ ಪದ್ಧತಿ ಅವರ ಮನೆಯಲ್ಲಿಲ್ಲ. ಗಿಡ ಅಲುಗಿದರೆ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಆ ಎರಡು ಮೂರು ದಿನ ಆಳುಗಳಿಗೆ ಬೇರೆ ಕಡೆ ಕೆಲಸ. ನಾಯಿಯನ್ನೂ ಕಟ್ಟಿಹಾಕುತ್ತಾರೆ. “ನೀನು ಕಟ್ಟೆ ಮೇಲೆ ಏನಾದರೂ ಮಾಡ್ಕೋ. ರಸ್ತೆಯಿಂದ ಆಚೆ ಕಾಲಿಡೋ ಹಾಗಿಲ್ಲ.”

“ಇಡಲ್ಲ ಗೌಡ್ರೇ.”

ಅಮಾವಾಸ್ಯೆಯ ಬೆಳಗ್ಗೆ ಗುಡ್ಡ ಬೆಳ್ಳಗಾಯಿತು. ಪರಿಮಳ ಹೆದ್ದಾರಿಯವರೆಗೂ ಬಂದು ಬಸ್ಸಿನವರು ಕಿಟಕಿ ತೆರೆದರು. ಮರುದಿನ ಯುಗಾದಿ. ಪ್ರೇಮಕ್ಕನಿಗೆ ಇದ್ದದ್ದು ಆ ಒಂದೇ ರಾತ್ರಿ. ಹಬ್ಬಕ್ಕೆ ಕೊಡಬೇಕಾಗಿದ್ದ ಬ್ಲೌಸುಗಳನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿ, ಹೊತ್ತು ಮುಳುಗುವ ಮೊದಲೇ ಗಂಡನ ಜೊತೆ ಕಟ್ಟೆಗೆ ಬಂದರು. ಟ್ರೈಪಾಡ್ ಊರಿ, ಅದಕ್ಕೊಂದು ಕಲ್ಲು ತೂಗುಹಾಕಿ, ಉಪ್ಪಿನ ಗಂಟಿನ ತೋಳು ತೊಡಿಸಿದರು. ಉಮೇಶಣ್ಣ ತಮ್ಮ ಬ್ಯಾಟರಿ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ತಂತಿ ಸಿಕ್ಕಿಸಿದರು. ಸಿಕ್ಕಿಸಿದ ಕೂಡಲೇ ಪೆಟ್ಟಿಗೆಯ ತಲೆಯ ಮೇಲೆ ಒಂದು ಕೆಂಪು ದೀಪ ಮಿಣುಕತೊಡಗಿತು.

“ಇದೆಂತ ರೀ?”

“ಇಂಡಿಕೇಟರ್. ಹಳೇ ಗಾಡೀದು, ಬ್ರೇಕ್ ಲೈಟಿನ ಕೆಂಪು ಗಾಜು ಹಾಕಿದೀನಿ. ಕರೆಂಟು ಹೋಗ್ತಾ ಇದೆ ಅಂತ ಗೊತ್ತಾಗ್ಬೇಕಲ್ಲ?”

“ಇದರ ಬೆಳಕು ಲೆನ್ಸಿಗೆ ಹೊಡೆಯುತ್ತೆ. ತೆಗೀರಿ ಅದನ್ನ.”

“ತೆಗೆದ್ರೆ ಪೂರ್ತಿ ವೈರಿಂಗ್ ಬಿಚ್ಚಬೇಕು ಮಾರಾಯ್ತಿ. ಈ ಕಡೆ ಬಟ್ಟೆ ಹಾಕು, ಮುಗೀತು.”

ಪ್ರೇಮಕ್ಕ ಕ್ಯಾಮೆರಾದ ಕಡೆಗೆ ಕಪ್ಪು ಬಟ್ಟೆ ಇಳಿಬಿಟ್ಟು ಪಿನ್ನು ಹಾಕಿದರು. ಆ ಕಡೆಗೆ ಬೆಳಕು ನಿಂತಿತು. ದೀಪ ಹಿಂದಕ್ಕೆ, ಹೆದ್ದಾರಿಯ ತಿರುವಿನ ಕಡೆಗೆ ಮಿಣುಕುತ್ತಲೇ ಇತ್ತು. ಅತ್ತ ಯಾರೂ ಗಮನ ಕೊಡಲಿಲ್ಲ.

ಧ್ರುವ ಕಾಣಿಸಿಕೊಂಡ ಮೇಲೆ ಫೋಟೋಗಳು ಶುರುವಾದವು. ಕ್ಲಿಕ್, ಅರ್ಧ ನಿಮಿಷ, ಕ್ಲಿಕ್. ರಂಗಮ್ಮನವರು ಮೊದಲೇ ಹೇಳಿಕಳಿಸಿದ್ದರು: ಅಮಾವಾಸ್ಯೆ ದಿನ ಗುಡ್ಡದ ಮೇಲೆ ಗಂಡ ಹೆಂಡತಿ ದೆವ್ವದ ಹಾಗೆ ಕೂರುವುದು ಬೇಡ, ಅದು ತನ್ನಷ್ಟಕ್ಕೆ ಹೊಡೆದುಕೊಳ್ಳುತ್ತದಲ್ಲ, ಬಂದು ಊಟ ಮಾಡಿ. ಅಲ್ಲಿ ಕೂತರೆ ಆಗಾಗ ಮೊಬೈಲ್ ನೋಡಿ ತಾವೇ ಬೆಳಕು ಮಾಡುತ್ತೇವೆಂದು ಪ್ರೇಮಕ್ಕನಿಗೂ ಅನ್ನಿಸಿತು. ಇಬ್ಬರೂ ಗುಡ್ಡದ ಮಗ್ಗುಲಲ್ಲಿದ್ದ ಬಂಗಲೆಗೆ ನಡೆದರು. ಕಡುಬು, ಕಾಯಿಚಟ್ನಿ, ಎಳೆ ಹಲಸಿನಕಾಯಿ ಪಲ್ಯ. ಉಮೇಶಣ್ಣ ನಾಲ್ಕನೆಯ ಕಡುಬು ಮುರಿಯುತ್ತಿದ್ದಾಗ ಹೊರಗೆ ಢಂ ಎಂದು ಗರ್ನಲ್ ಪಟಾಕಿ ಸಿಡಿಯಿತು.

ನಡೆದದ್ದು ಇಷ್ಟು. ರೇವಣ್ಣನವರು ಕೊಟ್ಟಿಗೆಹಾರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ತಿರುವಿನಲ್ಲಿ ನೋಡಿದರೆ, ಸುಬ್ಬಣ್ಣಗೌಡರ ಎಸ್ಟೇಟಿನ ಎತ್ತರದಲ್ಲಿ ಕೆಂಪು ದೀಪ ಮಿಣುಕುತ್ತಿದೆ. ಅಲ್ಲಿಯೂ ಹೊಸದಾಗಿ ಆನೆ ದೀಪ ಹಾಕಿದ್ದಾರೆ ಎಂದುಕೊಂಡರು. ದೀಪ ಮಿಣುಕುತ್ತಿದೆ ಎಂದರೆ ಆನೆ ಇದೆ. ಸ್ಕೂಟರ್ ನಿಲ್ಲಿಸಿ ಗುಂಪಿಗೆ ಬರೆದರು: “ಸುಬ್ಬಣ್ಣಗೌಡರ ಗುಡ್ಡದ ಬ್ಲಾಕಿನಲ್ಲಿ ಆನೆ. ದೀಪ ಹೊಡೆಯುತ್ತಿದೆ.” ಯಾರೋ “ಎಷ್ಟು?” ಎಂದು ಕೇಳಿದರು. ಇನ್ಯಾರೋ “ಮರಿಯೂ ಇದೆಯಂತೆ” ಎಂದು ಸೇರಿಸಿದರು. ಹಬ್ಬದ ಮುಂಚಿನ ದಿನವಾದ್ದರಿಂದ ಎಲ್ಲರೂ ಮನೆಯಲ್ಲೇ ಇದ್ದರು. ಟಾರ್ಚು, ಆನೆ ಬೆದರಿಸುವ ಗರ್ನಲ್ ಹಿಡಿದು ಎರಡು ಜೀಪಿನ ತುಂಬ ಬಂದರು.

ಬಂಗಲೆಯಿಂದ ಓಡಿ ಬಂದವರಿಗೆ ಕಂಡದ್ದು ರಸ್ತೆಯ ಉದ್ದಕ್ಕೂ ನಿಂತ ಜನ, ಗುಡ್ಡದ ಮೇಲೆಲ್ಲ ಓಡಾಡುವ ಟಾರ್ಚಿನ ಬೆಳಕು. ಒಂದು ಜೀಪಿನ ಹೆಡ್‌ಲೈಟನ್ನೂ ಬ್ಲಾಕಿನ ಕಡೆ ತಿರುಗಿಸಿದ್ದರು. ಕೆಂಪು ದೀಪವಿದ್ದ ಕಟ್ಟೆಯ ಹತ್ತಿರ ಮಾತ್ರ ಯಾರೂ ಹೋಗಿರಲಿಲ್ಲ; ಆನೆ ಅದರ ಬುಡದಲ್ಲೇ ಇದ್ದರೆ? ಮೂರ್ನಾಲ್ಕು ಜನ ಬ್ಲಾಕಿಗೆ ಇಳಿಯಲು ಸಿದ್ಧರಾಗಿದ್ದರು.

“ಯಾರೂ ಇಳೀಬಾರದು!” ಗೌಡರು ಕೂಗಿದರು. “ಹೂವು ಬಿಟ್ಟಿದೆ! ಒಬ್ಬರೂ ಒಳಗೆ ಕಾಲಿಡೋ ಹಾಗಿಲ್ಲ!”

“ಆನೆ ಒಳಗಿದ್ರೆ ಗೌಡ್ರೇ?”

“ಇದ್ರೆ ಅದಕ್ಕೂ ಹೇಳ್ತೀನಿ. ನೀನು ಮೊದಲು ಮೇಲೆ ಬಾ.”

ರೇವಣ್ಣನವರು ಮುಂದಾಳತ್ವ ವಹಿಸಿಕೊಂಡರು. “ಒಳಗೆ ಹೋಗೋದು ಬೇಡ. ರಸ್ತೆ ಮೇಲೇ ನಿಂತು ಹುಡುಕಣ. ಸುಮ್ನೆ ಬೇಕಾಬಿಟ್ಟಿ ಹೊಡೀಬೇಡಿ. ಒಬ್ಬೊಬ್ಬರು ಒಂದೊಂದು ಸಾಲು ಹಿಡೀರಿ. ಕೆಳಗಿಂದ ಮೇಲಕ್ಕೆ, ನಿಧಾನ. ಗಿಡ ಅಲುಗಿದ್ರೆ ಹೇಳಿ.”

ಜನ ರಸ್ತೆಯುದ್ದಕ್ಕೂ ಹರಡಿ ನಿಂತರು. ಒಂದೊಂದು ಟಾರ್ಚು ಒಂದೊಂದು ಸಾಲನ್ನು ಬುಡದಿಂದ ನೆತ್ತಿಯವರೆಗೆ ಸವರುತ್ತ ಹೋಯಿತು. ಪ್ರೇಮಕ್ಕ ಕಟ್ಟೆಯ ಬುಡದಲ್ಲಿ ನಿಂತು ಕೈ ಬೀಸುತ್ತಿದ್ದರು.

“ಲೈಟ್ ಆರ್ಸಿ! ದಮ್ಮಯ್ಯ, ಲೈಟ್ ಆರ್ಸಿ!”

“ಪ್ರೇಮಾ, ನೀನೆಂತ ಮಾಡ್ತಿದೀಯ ಇಲ್ಲಿ? ಹೋಗು ಆ ಕಡೆ, ಆನೆ ಇದೆ!”

“ಯಾವ ಆನೆ ರೇವಣ್ಣೋರೇ? ನಾವು ಸಂಜೆಯಿಂದ ಇಲ್ಲೇ ಇದೀವಿ!”

“ನೀನು ನೋಡಿಲ್ಲ ಅಂದ್ರೆ ಆನೆ ಇಲ್ಲ ಅಂತಾನಾ? ದೀಪ ಹೊಡೀತಾ ಇದೆಯಲ್ಲ ಮೇಲೆ. ಅದು ಸುಮ್ಸುಮ್ನೆ ಹೊಡೆಯುತ್ತಾ?”

ಉಮೇಶಣ್ಣ ತಲೆ ಎತ್ತಿ ನೋಡಿದರು. ಕಟ್ಟೆಯ ಮೇಲೆ ಅವರ ಇಂಡಿಕೇಟರ್ ಚೊಕ್ಕವಾಗಿ, ಒಂದು ತಾಳಕ್ಕೆ ಮಿಣುಕುತ್ತಿತ್ತು.  ಟೋಪಿ ತೆಗೆದು ತಲೆ ಕೆರೆದುಕೊಂಡರು.

“ರೇವಣ್ಣೋರೇ, ಅದು... ನಂದು.”

“ಎಂತ ನಿಂದು?”

“ದೀಪ. ಹಳೇ ಪಿಕಪ್ಪಿಂದು. ಎಡಗಡೆ ಇಂಡಿಕೇಟರ್.”

 ಹಿಂದಿನಿಂದ ಯಾರೋ ಕೇಳಿದರು, “ಹಾಗಾದ್ರೆ ಆನೆ ಎಡಕ್ಕೆ ತಿರುಗ್ತು ಅಂತಾಯ್ತಲ್ಲ?” ಅಷ್ಟೇ. ರಸ್ತೆಯ ತುದಿಯಿಂದ ತುದಿಯವರೆಗೆ ನಗು ಹಬ್ಬಿತು. ಸುಬ್ಬಣ್ಣಗೌಡರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡರು. ರೇವಣ್ಣನವರು ಮಾತ್ರ ನಗದೆ, ಸಿಗ್ನಲ್ ಸಿಗುವವರೆಗೆ ರಸ್ತೆಯಲ್ಲಿ ಹಿಂದಕ್ಕೆ ನಡೆದು ಗುಂಪಿಗೆ ಇನ್ನೊಂದು ಸಂದೇಶ ಹಾಕಿದರು: “ಆನೆ ಇಲ್ಲ. ಉಮೇಶನ ಇಂಡಿಕೇಟರ್.”

ಜನ ನಗುತ್ತ ಹೊರಟುಹೋದ ಮೇಲೆ ಪ್ರೇಮಕ್ಕ ಕಟ್ಟೆಯ ಮೇಲೆ ಕೂತರು. ಕ್ಯಾಮೆರಾ ಇನ್ನೂ ಕ್ಲಿಕ್ ಎನ್ನುತ್ತಲೇ ಇತ್ತು. ಅದನ್ನು ನಿಲ್ಲಿಸುವ ಮನಸ್ಸೂ ಬರಲಿಲ್ಲ, ಬಿಡುವ ಮನಸ್ಸೂ ಬರಲಿಲ್ಲ. ಉಮೇಶಣ್ಣ ಪೆಟ್ಟಿಗೆಯ ದೀಪಕ್ಕೆ ತಮ್ಮ ಟೋಪಿ ಮುಚ್ಚಿ ಬಂದು ಪಕ್ಕದಲ್ಲಿ ಕೂತರು.

“ಬೈಯ್ಯೋದಾದ್ರೆ ಬೈದ್ಬಿಡು.”

“ಬೈದ್ರೆ ಏನು ಬಂತು? ಮುಂದಿನ ವರ್ಷ ಹೂವು ಬರುತ್ತೆ. ಈ ಕತ್ತಲು ಬರಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲವಂತೆ. ಅದಕ್ಕೇ ತನಗೆ ಹೆಚ್ಚು ಹೆದರಿಕೆಯಾಯಿತು ಎಂದು ಉಮೇಶಣ್ಣ ಆಮೇಲೆ ನನಗೆ ಹೇಳಿದರು.

ಯುಗಾದಿ ಬಂತು. ಬೇವು ಬೆಲ್ಲ, ಒಬ್ಬಟ್ಟು ಎಲ್ಲ ಆಯಿತು. ಸಂಜೆ ವೃತ್ತದಲ್ಲಿ ಜನ ಸೇರಿದರು. ಪಂಚಾಯಿತಿ ಅಧ್ಯಕ್ಷೆ ಗುಂಡಿ ಒತ್ತಿದಾಗ ಕಂಬದ ತುದಿಯಲ್ಲಿ ದೀಪಗಳು ಒಂದೊಂದಾಗಿ ಹತ್ತಿ, ಬಸ್ ನಿಲ್ದಾಣದ ಹಿಂದಿನ ಸಂದಿಯೂ ಹಗಲಿನ ಹಾಗಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರೇಮಕ್ಕನೂ ತಟ್ಟಿದರು. ಮನಸ್ಸಿಟ್ಟೇ ತಟ್ಟಿದರು, ನಾನು ಅವರ ಪಕ್ಕದಲ್ಲೇ ಇದ್ದೆ. ಆದರೆ ತಟ್ಟುವಾಗ ಅವರ ಕಣ್ಣು ದೀಪದ ಮೇಲಿರಲಿಲ್ಲ, ದೀಪದ ಆಚೆಗಿನ ಆಕಾಶದ ಮೇಲಿತ್ತು. ಅಲ್ಲಿ ಒಂದು ನಕ್ಷತ್ರವೂ ಉಳಿದಿರಲಿಲ್ಲ.

ಮರುದಿನ ಒಂದು ಬ್ಲೌಸಿನ ತೋಳು ಬಿಗಿಯಾಗಿದೆಯೆಂದು ಬಿಚ್ಚಿಸಲು ಅಂಗಡಿಗೆ ಹೋಗಿದ್ದೆ. ಪ್ರೇಮಕ್ಕ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಜನ ಬರುವುದಕ್ಕೆ ಮೊದಲು ತೆಗೆದ ಫೋಟೋಗಳನ್ನಷ್ಟೇ ಆರಿಸಿ ಒಂದರ ಮೇಲೊಂದು ಇಟ್ಟಿದ್ದರು. ಪರದೆಯಲ್ಲಿ ಧ್ರುವನ ಸುತ್ತ ಗೆರೆಗಳು ಬಂದಿದ್ದವು, ಬಲಗಡೆ ಸಪ್ತರ್ಷಿಗಳ ಗೆರೆ ಚೆನ್ನಾಗಿ ಎದ್ದಿತ್ತು. ಆದರೆ ಗೆರೆಗಳು ಗಿಡ್ಡ. ಕೆಳಗೆ ಗುಡ್ಡವೇ ಇಲ್ಲ. ಬರೀ ಕಪ್ಪು.

“ಹೂವೆಲ್ಲಿ ಪ್ರೇಮಕ್ಕ?” ಎಂದೆ.

“ಅದನ್ನೇ ನೋಡ್ತಿದೀನಿ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಕಣ್ಣಿಗೆ ಬೆಳ್ಳಗೆ ಕಾಣ್ತಿತ್ತಲ್ಲ, ಕ್ಯಾಮೆರಾಕ್ಕೂ ಕಾಣುತ್ತೆ ಅಂದ್ಕೊಂಡೆ. ನಕ್ಷತ್ರದ ಬೆಳಕು ಈ ಹಳೇ ಲೆನ್ಸಿಗೆ ಸಾಲಲಿಲ್ಲ. ಯಾರೂ ಬರದೇ ಇದ್ದಿದ್ರೂ ಬರ್ತಿದ್ದದ್ದು ಇಷ್ಟೇ ಕಣೇ.”

 ಆಮೇಲೆ ಅವರ ಬೆರಳು ಮೌಸಿನ ಮೇಲೆ ನಿಂತಿತು. ಹಾಳಾದವೆಂದು ಬದಿಗಿಟ್ಟಿದ್ದ ಫೋಟೋಗಳನ್ನು ಒಂದೊಂದೇ ತೆರೆದರು. ಒಂದರಲ್ಲಿ ಗುಡ್ಡದ ಎಡಮೂಲೆಯ ಒಂದು ಸಾಲು ಮಾತ್ರ ಬೆಳಗಿತ್ತು, ಹಾಲು ಚೆಲ್ಲಿದ ಹಾಗೆ. ಇನ್ನೊಂದರಲ್ಲಿ ನಡುವಿನ ಎರಡು ಸಾಲು. ಟಾರ್ಚುಗಳೆಲ್ಲ ಕಟ್ಟೆಯ ಕೆಳಗಿನ ರಸ್ತೆಯಿಂದ ಬ್ಲಾಕಿನ ಕಡೆಗೇ ಹೋಗಿದ್ದವು; ಯಾವುದೂ ಲೆನ್ಸಿನ ಕಡೆ ತಿರುಗಿರಲಿಲ್ಲ. ಜೀಪು ಹಿಂದಿರುಗುವಾಗ ಬಿದ್ದ ಬೆಳಕಿನ ಒಂದೆರಡು ಫೋಟೋ ಮಾತ್ರ ಕೆಟ್ಟಿದ್ದವು. ಅವನ್ನು ತೆಗೆದುಹಾಕಿ, ಉಳಿದ ಎಲ್ಲವನ್ನೂ ಸೇರಿಸಿ, ಪ್ರೇಮಕ್ಕ ಗುಂಡಿ ಒತ್ತಿದರು.

ಹಳೆಯ ಲ್ಯಾಪ್‌ಟಾಪ್. ಫೋಟೋ ಮೇಲೆ ಫೋಟೋ ಕೂರುವುದು ಕಣ್ಣೆದುರೇ ಕಾಣುತ್ತಿತ್ತು. ಆಕಾಶದಲ್ಲಿ ಗೆರೆಗಳು ಸ್ವಲ್ಪಸ್ವಲ್ಪವೇ ಉದ್ದವಾದವು. ಕೆಳಗೆ ಮೊದಲು ಒಂದು ಸಾಲು ಹೂವು ಬಂತು, ಆಮೇಲೆ ಅದರ ಪಕ್ಕದ್ದು, ಆಮೇಲೆ ದೂರದ ಮೂಲೆ. ಊರಿನವರು ಆನೆ ಹುಡುಕಿದ ಕ್ರಮದಲ್ಲೇ ಗುಡ್ಡ ಬುಡದಿಂದ ನೆತ್ತಿಯವರೆಗೆ ಅರಳುತ್ತ ಹೋಯಿತು. ಕೊನೆಗೆ ಇಡೀ ಬ್ಲಾಕು ಬೆಳ್ಳಗೆ ನಿಂತಿತು, ಮೇಲೆ ಬಳೆಯೊಳಗೆ ಬಳೆಯಾಗಿ ನಕ್ಷತ್ರ.

ಪ್ರೇಮಕ್ಕ ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ಎದ್ದು ಹೊರಗೆ ಹೋಗಿ, ರಸ್ತೆಯ ಈಚೆಯಿಂದಲೇ ಕೂಗಿದರು. “ರೇವಣ್ಣೋರೇ! ಗಲ್ಲಾ ಬಿಟ್ಟು ಬನ್ನಿ ಒಂದ್ಸಲ!”

“ಬರಲ್ಲ! ಇನ್ನೆಂತ ತೆಗೆದಿದೀಯ ನಂದು?”

ಬಂದರು. ನೋಡಿದರು. ಬಗ್ಗಿ ನೋಡಿದರು. ಪ್ರೇಮಕ್ಕ ಅದೇ ಫೋಟೋಗಳನ್ನು ಟೈಮ್‌ಲ್ಯಾಪ್ಸ್ ಮಾಡಿ ಓಡಿಸಿಯೂ ತೋರಿಸಿದರು. ಬೆಳಕಿನ ಬೆರಳುಗಳು ಗುಡ್ಡ ತಡವುತ್ತ ಮೇಲೇರುವುದು ಕಂಡಿತು. ರೇವಣ್ಣನವರ ಮುಖ ನಿಧಾನಕ್ಕೆ ಸಡಿಲವಾಯಿತು.

“ಇದು ನಾನು ಹೇಳಿಕೊಟ್ಟ ಹಾಗೇ ಹೊಡೆದಿದಾರೆ ನೋಡು. ಕೆಳಗಿಂದ ಮೇಲಕ್ಕೆ.”

“ನೀವು ಹೇಳದೇ ಇದ್ದಿದ್ರೆ ಈ ಫೋಟೋ ಇಲ್ಲ ರೇವಣ್ಣೋರೇ.”

“ಹಾಗಂತ ಎಲ್ಲರ ಎದುರಿಗೂ ಹೇಳು ಮತ್ತೆ.”

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಂಗಡಿಯ ಗೋಡೆಗೆ ಹಾಕಿದ ದಿನ ಜಾಗವಿಲ್ಲದೆ ಜನ ರಸ್ತೆಗೂ ನಿಂತಿದ್ದರು. ಆ ಸಾಲು ನಂದು, ಈ ಮೂಲೆ ನಂದು, ಅಲ್ಲಿ ಮಸುಕಾಗಿರೋದು ನಿನ್ನ ಟಾರ್ಚಿನ ಸೆಲ್ ಹೋಗಿದ್ದಕ್ಕೆ ಎಂದು ಜಗಳ. ಸುಬ್ಬಣ್ಣಗೌಡರೂ ಬಂದರು. ಎಲ್ಲರೂ ದಾರಿ ಬಿಟ್ಟರು. ಗೌಡರು ಕೈ ಹಿಂದಕ್ಕೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಪ್ರೇಮಕ್ಕ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

“ಬಲಗಡೆ ಮೇಲೆ ಹೂವು ತೆಳುವಾಗಿದೆ,” ಎಂದರು ಗೌಡರು. “ಜೆಟ್ ತಲುಪಿಲ್ಲ ಅಲ್ಲಿಗೆ. ನನಗೆ ಕೆಳಗಿಂದ ಗೊತ್ತೇ ಆಗಿರಲಿಲ್ಲ. ಮುಂದಿನ ವರ್ಷ ಒಂದು ಪೈಪು ಹೆಚ್ಚು ಹಾಕ್ಬೇಕು.”

“ಫೋಟೋ ಹೇಗಿದೆ ಗೌಡ್ರೇ?”

“ಅದನ್ನೇ ಹೇಳಿದ್ನಲ್ಲ ಮಾರಾಯ್ತಿ, ಎಷ್ಟು ಸರಿಯಾಗಿದೆ ಅಂತ. ಮುಂದಿನ ವರ್ಷವೂ ತೆಗಿ. ನೀರು ಎಲ್ಲೆಲ್ಲಿ ಬಿದ್ದಿದೆ ನೋಡ್ಬಹುದು.”

ಪ್ರೇಮಕ್ಕ ನಕ್ಕರು. ಮುಂದಿನ ವರ್ಷ ಆ ದೀಪ ಇರುತ್ತದೆ, ಧ್ರುವ ಕಾಣುವುದಿಲ್ಲ, ಇದೊಂದೇ ಎಂದು ವಿವರಿಸಿದರು. ದೀಪ ಇರಲೇಬೇಕು, ತನಗೂ ಬೇಕು ಎಂದೂ ಹೇಳಿದರು.

ಗುಂಪಿನ ಹಿಂದಿದ್ದ ರೇವಣ್ಣನವರು ಕೆಮ್ಮಿದರು.

“ಅದರ ಸ್ವಿಚ್ಚು ಎಲ್ಲಿದೆ ಗೊತ್ತಾ?”

ಎಲ್ಲರೂ ಅವರ ಕಡೆ ತಿರುಗಿದರು.

“ನನ್ನ ಅಂಗಡಿ ಗೋಡೆ ಮೇಲಿದೆ. ಬೀಗದ ಕೈ ನನ್ನ ಹತ್ರ. ಅಧ್ಯಕ್ಷರಿಗೆ ಒಂದು ಮಾತು ಹೇಳಿ, ಹೂವಿನ ದಿನ ಎರಡು ಗಂಟೆ ಆರ್ಸಣ. ಊರಿಗೆ ಮೊದಲೇ ತಿಳಿಸಣ. ಟಾರ್ಚು ತಗೊಂಡು ಎಲ್ಲ ಗುಡ್ಡಕ್ಕೇ ಬರ್ತೀವಲ್ಲ, ವೃತ್ತದಲ್ಲಿ ದೀಪ ಯಾರಿಗೆ?”

ಒಬ್ಬಿಬ್ಬರು ಹೌದಲ್ಲ ಎಂದರು. ಅಷ್ಟರಲ್ಲಿ ಯಾರು ಯಾವ ಸಾಲು ಹಿಡಿಯಬೇಕೆಂದು ಮಾತು ಶುರುವಾಯಿತು. ಬಲಗಡೆಯ ಮೇಲಿನ ಮೂಲೆಗೆ ದೊಡ್ಡ ಟಾರ್ಚೇ ಬೇಕೆಂದು ಗೌಡರು ಹೇಳಿದರು. ಪ್ರೇಮಕ್ಕ ಎಲ್ಲರನ್ನೂ ಹೊರಗೆ ಸರಿಯಿರಿ ಎಂದು ಹೇಳಿ ಮಿಷನ್ನಿನ ಮುಂದೆ ಕೂತರು. ಮದುವೆ ಸೀಸನ್, ಕತ್ತರಿಸಿಟ್ಟ ಬಟ್ಟೆ ರಾಶಿ ಬಿದ್ದಿತ್ತು. ಹೊಲಿಯುತ್ತಲೇ, ತಲೆ ಎತ್ತದೆ ಹೇಳಿದರು:

“ಬರೋರು ಬನ್ನಿ. ಆದರೆ ಗರ್ನಲ್ ತರೋ ಹಾಗಿಲ್ಲ.”